ಬೆರಕೆ ಅಕ್ಕಿಯ ಲೇಯಮ್ಮ

ಬೆರಕೆ ಅಕ್ಕಿಯ ಅನ್ನ ಉಂಡಿದ್ದೀರಾ? ಉಂಡಿಲ್ಲದಿದ್ದರೆ ನಿಮ್ಮ ಪುಣ್ಯ. ಸೊಸೈಟಿ ಅಕ್ಕಿ, ಸೋನಾ ಮಸೂರಿ, ಯಾರೋ ಗದ್ದೆಯಲ್ಲಿ ಬೆಳೆದ ದಪ್ಪಕ್ಕಿ, ಇನ್ಯಾರದೋ ಮನೆಯ ಕುಸುಬಲಕ್ಕಿ, ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಬೇಯಿಸಿ ನೋಡಿ. ಒಂದು ಕಾಳು ಗಂಜಿಯಾಗಿರುತ್ತದೆ, ಅದರ ಪಕ್ಕದ್ದು ಹಲ್ಲಿಗೆ ಸಿಕ್ಕಿ ಕಟಕ್ಕೆನ್ನುತ್ತದೆ. ನೀರು ಹೆಚ್ಚಿಟ್ಟರೂ ಅಷ್ಟೆ, ಕಡಿಮೆ ಇಟ್ಟರೂ ಅಷ್ಟೆ. ನಮ್ಮ ಮನೆಯಲ್ಲಿ ಒಮ್ಮೆ ಮಾಡಿದ್ದರು. ನಾನು ತಟ್ಟೆ ಸರಿಸಿ ಎದ್ದುಬಿಟ್ಟೆ, ನನ್ನ ಹೆಂಡತಿ ಸೌಮ್ಯ ಒಂದು ದಿನ ಮಾತು ಬಿಟ್ಟಳು.

ಅಂಥ ಅಕ್ಕಿಯನ್ನು ದುಡ್ಡು ಕೊಟ್ಟು, ಆಸೆಪಟ್ಟು, ವರ್ಷಗಟ್ಟಲೆ ಉಂಡವಳು ರಾಮನಗರದ ನಮ್ಮ ಸಭೆಯಲ್ಲಿ ಒಬ್ಬಳೇ ಒಬ್ಬಳು. ಅವಳು ಲೇಯಮ್ಮ.

ಸಭೆ ಅಂದರೆ ಭಾಷಣದ ಸಭೆಯಲ್ಲ, ಚರ್ಚಿನ ಜನ. ರೈಲ್ವೆ ಗೇಟು ದಾಟಿ ಹೋದರೆ ಹೆಂಚಿನ ಸೂರಿನ ಒಂದು ಸಣ್ಣ ಚರ್ಚಿದೆ. ಅದರ ಸುತ್ತಮುತ್ತ ಹರಡಿಕೊಂಡಿರುವ ಮೂವತ್ತು ಚಿಲ್ಲರೆ ಮನೆಗಳೇ ನಮ್ಮ ಸಭೆ. ನಾನು ದೇವರಾಜು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ನನ್ನ ಕೆಲಸ. ಗಂಟಲು ದೊಡ್ಡದು ಅನ್ನುವ ಒಂದೇ ಕಾರಣಕ್ಕೆ ಚರ್ಚಿನ ಕಮಿಟಿಗೂ ನನ್ನನ್ನು ಎಳೆದುಕೊಂಡರು.

ನಮ್ಮ ಅಜ್ಜಂದಿರ ಕಾಲದಲ್ಲಿ ಜನರ ಕೈಯಲ್ಲಿ ಕಾಸು ಆಡುತ್ತಿರಲಿಲ್ಲ. ಚರ್ಚಿಗೆ ಕಾಣಿಕೆ ಹಾಕಿ ಅಂದರೆ ಎಲ್ಲಿಂದ ತರುವುದು? ಅದಕ್ಕೆ ಹಿಡಿ ಅಕ್ಕಿ ಅಂತ ಒಂದು ರೂಢಿ ಬಂತು. ಪ್ರತಿ ಮನೆಯ ಅಡುಗೆಮನೆಯಲ್ಲೂ ಅಕ್ಕಿ ಡಬ್ಬದ ಪಕ್ಕ ಒಂದು ಕುಡಿಕೆ. ಅನ್ನಕ್ಕೆ ಅಕ್ಕಿ ತೆಗೆದಾಗಲೆಲ್ಲ, ತೊಳೆಯುವುದಕ್ಕೆ ಮೊದಲು ಅದರಿಂದ ಒಂದು ಹಿಡಿ ಎತ್ತಿ ದೇವರ ಪಾಲು ಎಂದು ಕುಡಿಕೆಗೆ ಹಾಕಬೇಕು. ವಾರಕ್ಕೊಮ್ಮೆ ಒಬ್ಬರು ಬಂದು ಎಲ್ಲ ಕುಡಿಕೆಗಳನ್ನೂ ಬರಿದು ಮಾಡಿಕೊಂಡು ಹೋಗುತ್ತಾರೆ. ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಜಗಲಿಯಲ್ಲಿ ಆ ಅಕ್ಕಿಯ ಹರಾಜು. ಬಂದ ದುಡ್ಡು ಚರ್ಚಿಗೆ. ಹಾಗೆ ಮನೆ ಮನೆಗೆ ಹೋಗಿ ಎತ್ತುವ ಕೆಲಸ ನನಗೆ ಬುದ್ಧಿ ಬಂದಾಗಿನಿಂದ ಲೇಯಮ್ಮನದೇ.

ಲೇಯಮ್ಮನದು ಕನಕಪುರದ ಕಡೆಯ ಹಳ್ಳಿ. ಮದುವೆಯಾಗಿ ರಾಮನಗರಕ್ಕೆ ಬಂದಳು. ಗಂಡ ರೈಲ್ವೆ ಗ್ಯಾಂಗಿನಲ್ಲಿದ್ದ, ಕಾಮಾಲೆ ಬಂದು ಚಿಕ್ಕ ವಯಸ್ಸಿನಲ್ಲೇ ಹೋಗಿಬಿಟ್ಟ. ಮಕ್ಕಳಾಗಿರಲಿಲ್ಲ. ತವರಿನವರು ಬಾ ಎನ್ನಲಿಲ್ಲ, ಗಂಡನ ಕಡೆಯವರು ಇರು ಎನ್ನಲಿಲ್ಲ. ಹಫೀಜಾಬಿಯ ವಠಾರದ ಕೊನೆಯ ಕೋಣೆಯನ್ನು ಬಾಡಿಗೆಗೆ ಹಿಡಿದು, ಮುನಾವರ್ ಸಾಬರ ರೀಲಿಂಗ್ ಕಾರ್ಖಾನೆಯಲ್ಲಿ ನೂಲು ತೆಗೆಯುವುದಕ್ಕೆ ಸೇರಿಕೊಂಡಳು. ಕುದಿಯುವ ನೀರಿನಿಂದ ಗೂಡು ಎತ್ತಿ ಎತ್ತಿ ಅವಳ ಬೆರಳ ತುದಿಗಳು ಸದಾ ಬಿಳಿಚಿಕೊಂಡು ಸುಕ್ಕಾಗಿರುತ್ತಿದ್ದವು. ಕಾರ್ಖಾನೆಯ ಸದ್ದಿನಲ್ಲಿ ಪಕ್ಕದವಳ ಜೊತೆಗೂ ಮಾತಾಡುವಂತಿರಲಿಲ್ಲ. ಸಂಜೆ ಕೋಣೆಗೆ ಬಂದರೆ ಅಲ್ಲಂತೂ ಯಾರೂ ಇಲ್ಲ. ವಾರದಲ್ಲಿ ಐದು ದಿನ ಹೀಗೆ ಬಾಯಿಗೆ ಬೀಗ ಹಾಕಿಕೊಂಡಿದ್ದ ಹೆಂಗಸು ಶನಿವಾರ ಮಧ್ಯಾಹ್ನ ಚೀಲ ಹೆಗಲಿಗೇರಿಸಿಕೊಂಡು ಹೊರಟಳೆಂದರೆ ಬೇರೆಯೇ ಮನುಷ್ಯಳಾಗುತ್ತಿದ್ದಳು.

ಅವಳು ಯಾರ ಮನೆಯ ಬಾಗಿಲನ್ನೂ ತಟ್ಟಿದವಳಲ್ಲ. ಚಪ್ಪಲಿ ಬಿಟ್ಟು, ನಡುಮನೆಯಲ್ಲಿ ಕೂತ ಗಂಡಸರ ಕಡೆ ತಿರುಗಿಯೂ ನೋಡದೆ, ನೇರ ಅಡುಗೆಮನೆ. ಅಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತು ಕುಡಿಕೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು.

ಒಂದು ಸಲ ನಮ್ಮ ಪಕ್ಕದ ಮನೆಯ ಚಿನ್ನಮ್ಮನ ಕುಡಿಕೆ ಅರ್ಧವೂ ತುಂಬಿರಲಿಲ್ಲ. ಲೇಯಮ್ಮ ಅದರೊಳಗೆ ಬಗ್ಗಿ ನೋಡಿ, "ಯಾಕವ್ವ ಚಿನ್ನಮ್ಮ, ಈ ವಾರ ಮನೆಮಂದಿಯೆಲ್ಲ ಉಪಾಸ ಇದ್ರಾ?" ಅಂದಳು.

"ಅಯ್ಯೋ ಇಲ್ಲ ಕಣಕ್ಕ, ಎತ್ತಿಡಾದು ಮರ್ತೋಗ್ಬುಟ್ಟೆ."

"ಉಣ್ಣಾದು ಮರೀನಿಲ್ವಲ್ಲ!"

ಚಿನ್ನಮ್ಮ ನಗುತ್ತಾ ಎರಡು ಹಿಡಿ ಹೆಚ್ಚಿಗೆ ಹಾಕಿದಳು. ಇದನ್ನೇ ನಾನು ಹೇಳಿದ್ದರೆ ಎರಡು ಮನೆಗೂ ಮಾತುಕತೆ ನಿಂತಿರುತ್ತಿತ್ತು. ಲೇಯಮ್ಮ ಬೈದರೆ ಮಾತ್ರ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ಹಾಗಂತ ಎಲ್ಲ ಕಡೆ ಬೈಯುತ್ತಲೂ ಇರಲಿಲ್ಲ. ಕಷ್ಟದಲ್ಲಿದ್ದ ಮನೆಗೆ ಹೋದರೆ ಕುಡಿಕೆಯ ಕಡೆ ಕಣ್ಣೇ ಹಾಯಿಸದೆ, "ಈ ವಾರ ನನ್ ಚೀಲ ತುಂಬೋಗೈತೆ ಕಣವ್ವ, ಮುಂದ್ಲ ವಾರ ಎರ್ಡೂ ಸೇರಿಸಿ ತಕ್ಕೋತೀನಿ" ಅಂತ ಸುಳ್ಳು ಹೇಳಿ ಏಳುತ್ತಿದ್ದಳು. ಕೊಡುವವರಿಗೆ ಕೊಡುವ ಆಸೆ ಹುಟ್ಟಿಸುವುದು, ಇಲ್ಲದವರಿಗೆ ಮುಖ ಉಳಿಸುವುದು, ಎರಡೂ ಅವಳಿಗೆ ಗೊತ್ತಿತ್ತು. ಒಂದು ಮನೆಯಲ್ಲಿ ಕಾಫಿ, ಇನ್ನೊಂದರಲ್ಲಿ ಬಿಸಿ ಮುದ್ದೆ, ಮತ್ತೊಂದರಲ್ಲಿ ಉಪ್ಪು ಸರಿಯಾಗಿದೆಯಾ ನೋಡು ಅಂತ ಅಂಗೈಗೆ ಒಂದು ತೊಟ್ಟು ಸಾರು. ಶನಿವಾರ ಅವಳ ಮನೆಯ ಒಲೆ ಹತ್ತುತ್ತಲೇ ಇರಲಿಲ್ಲ.

ಭಾನುವಾರದ ಹರಾಜು ನನ್ನದು. ಗೂಡಿನ ಮಾರುಕಟ್ಟೆಯ ಗತ್ತಿನಲ್ಲೇ ಕೂಗುತ್ತಿದ್ದೆ. ಆದರೆ ಬೆರಕೆ ಅಕ್ಕಿಗೆ ಯಾರು ಸವಾಲು ಹಾಕುತ್ತಾರೆ? ಹೋಟೆಲಿನ ನಜೀರ್ ದೋಸೆಗೆ ರುಬ್ಬುವುದಕ್ಕೆ ಆಗುತ್ತದೆ ಅಂತ ಗೇಟಿನ ಹತ್ತಿರ ನಿಂತು ಕೇಳುತ್ತಿದ್ದ, ಕೊನೆಗೆ ಮೂಟೆ ಅವನಿಗೇ ಹೋಗುತ್ತಿತ್ತು. ಅದಕ್ಕೆ ಮೊದಲು ಲೇಯಮ್ಮ ತನ್ನ ಪಾಲಿನ ಮೂರು ಸೇರು ಅಳೆದುಕೊಂಡು, ಸೆರಗಿನ ಗಂಟು ಬಿಚ್ಚಿ, ಅಂದಿನ ದರಕ್ಕೆ ದುಡ್ಡು ಕೊಡುತ್ತಿದ್ದಳು.

"ಲೇಯಕ್ಕ, ಇದೇ ದುಡ್ಡಿಗೆ ಒಸಿ ಸೇರ್ಸಿದ್ರೆ ಒಳ್ಳೆ ಅಕ್ಕಿ ಬತ್ತದಲ್ಲ, ಈ ಕಲಬೆರಕೆ ಯಾಕೆ ತಿಂತೀಯೆ?" ಅಂತ ನಾನು ಕೆಣಕಿದರೆ, "ನಿಂಗೊತ್ತಾಗಕಿಲ್ಲ ಬುಡ್ಲಾ" ಅಂದು ಹೋಗಿಬಿಡುತ್ತಿದ್ದಳು.

ಕಾರಣವನ್ನು ಅವಳು ಹೇಳಿದ್ದು ಸೌಮ್ಯಳಿಗೆ, ನಮ್ಮ ಅಡುಗೆಮನೆಯಲ್ಲಿ. "ಒಬ್ಳೇ ಕೂತ್ಕಂಡು ಉಣ್ಣಾಕೆ ಗಂಟ್ಲಲ್ಲಿ ಇಳಿಯಕಿಲ್ಲ ಕಣವ್ವ. ಈ ಅಕ್ಕಿ ಆದ್ರೆ ಒಂದು ಕಾಳು ನಿಮ್ಮನೇದು, ಒಂದು ಚಿನ್ನಮ್ಮನ ಮನೇದು. ತಟ್ಟೇಲಿ ಎಲ್ಲಾರೂ ಇದ್ದಂಗಿರ್ತದೆ."

ಸೌಮ್ಯ ಇದನ್ನು ನನಗೆ ಹೇಳಿದಳು. ಆಮೇಲಿಂದ ಅವಳ ಅಕ್ಕಿಯ ವಿಷಯಕ್ಕೆ ಕೆಣಕುವುದನ್ನು ಬಿಟ್ಟೆ.

ಆಮೇಲೆ ಬಿಡದಿಯ ಕಡೆ ಕಾರ್ಖಾನೆಗಳು ಬಂದವು. ಮೊದಲು ಒಂದು, ಅದಕ್ಕೆ ಸಾಮಾನು ಒದಗಿಸುವುದಕ್ಕೆ ಇನ್ನೊಂದು, ಅವರಿಗೆ ಊಟ ಒದಗಿಸುವುದಕ್ಕೆ ಮತ್ತೊಂದು. ಎರಡು ಸಾವಿರದ ಮೂರು ನಾಲ್ಕನೇ ಇಸವಿಯ ಹೊತ್ತಿಗೆ ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸುಗಳು ರೈಲ್ವೆ ಗೇಟಿನ ಹತ್ತಿರ ಬಂದು ಹಾರ್ನ್ ಹೊಡೆಯುತ್ತಿದ್ದವು. ಗಂಡಸರು ಬಿಡದಿಗೆ, ಹೆಂಗಸರು ಗಾರ್ಮೆಂಟ್ಸಿಗೆ. ನಾನು ಇದನ್ನು ಬೈಯುವವನಲ್ಲ. ಜನರ ಮನೆಗೆ ಗಚ್ಚು ಬಂತು, ಮಕ್ಕಳ ಕಾಲಿಗೆ ಬೂಟು ಬಂತು, ಬರಲಿ. ಆದರೆ ಓಡುವವರಿಗೆ ಕುಡಿಕೆ ಎಲ್ಲಿ ನೆನಪಾಗುತ್ತದೆ? ಕುಕ್ಕರಿಗೆ ಎರಡು ಲೋಟ ಅಕ್ಕಿ ಸುರಿದು ಮುಚ್ಚಳ ಹಾಕಿದರೆ ಮುಗಿಯಿತು. ಶನಿವಾರ ಲೇಯಮ್ಮ ಹೋದರೆ ಅರ್ಧ ಮನೆಗಳಿಗೆ ಬೀಗ. ಬೀಗ ಇಲ್ಲದ ಮನೆಯವರು, "ತಕ್ಕೊ ಅಕ್ಕ" ಅಂತ ಹೊಸಲಲ್ಲೇ ಹತ್ತು ರೂಪಾಯಿ ನೋಟು ಚಾಚುತ್ತಿದ್ದರು. ಅವಳು ನೋಟು ಮುಟ್ಟುತ್ತಿರಲಿಲ್ಲ. ನಾಳೆ ಬತ್ತೀನಿ ಅಂದು ಮುಂದೆ ಹೋಗುತ್ತಿದ್ದಳು. ಚೀಲ ಹಗುರವಾಗುತ್ತಾ ಬಂತು, ಭಾನುವಾರ ನಜೀರ್ ಬರುವುದನ್ನೇ ನಿಲ್ಲಿಸಿದ.

ಅದೇ ಸಮಯಕ್ಕೆ ನಮ್ಮ ಸಭೆಗೆ ಹೊಸ ಅಯ್ಯನವರು ವರ್ಗವಾಗಿ ಬಂದರು. ನಾವು ಪಾದ್ರಿಗಳನ್ನು ಅಯ್ಯನವರು ಅನ್ನುತ್ತೇವೆ. ಜಯಕರ ಅಯ್ಯನವರು ಒಳ್ಳೆಯವರು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಕೆಟ್ಟವರನ್ನು ಹುಡುಕಿಕೊಂಡು ಹೋದರೆ ನಿಮಗೆ ಯಾರೂ ಸಿಗುವುದಿಲ್ಲ, ಅದೇ ನನಗೆ ಸಿಟ್ಟು ಬರಿಸುವ ವಿಷಯ. ಚರ್ಚಿನ ಸೂರು ಸೋರುತ್ತಿತ್ತು. ಅಯ್ಯನವರು ಬಂದ ಮೊದಲ ಮಳೆಗಾಲದಲ್ಲಿ ಪ್ರಸಂಗದ, ಅಂದರೆ ಭಾನುವಾರದ ಉಪದೇಶದ, ಮಧ್ಯದಲ್ಲೇ ಅವರ ನೆತ್ತಿಯ ಮೇಲೆ ನೀರು ಬಿತ್ತು. ಜನರ ಕೈಗೆ ತಿಂಗಳ ಸಂಬಳ ಬರುತ್ತಿದೆ, ಆದರೆ ಕಾಣಿಕೆ ಮಾತ್ರ ಹಿಡಿ ಅಕ್ಕಿಯ ಕಾಲದಲ್ಲೇ ನಿಂತಿದೆ ಅನ್ನುವುದು ಅವರಿಗೆ ಕಂಡಿತು. ಒಂದು ಭಾನುವಾರ ಪ್ರತಿ ಮನೆಗೂ ಒಂದು ಕಟ್ಟು ಕವರು ಹಂಚಿಸಿದರು. ತಿಂಗಳಿಗೊಂದು ಕವರು, ಅದರ ಮೇಲೆ ಮನೆಯವರ ಹೆಸರು, ಒಳಗೆ ಶಕ್ತ್ಯಾನುಸಾರ ಕಾಣಿಕೆ.

ನಮ್ಮ ಜನ ಕವರು ತೆಗೆದುಕೊಂಡರು, ಮನೆಗೆ ಒಯ್ದರು, ಗೋಡೆಯ ಗೂಡಿನಲ್ಲಿಟ್ಟರು. ವಾಪಸು ಮಾತ್ರ ತರಲಿಲ್ಲ. ಅಯ್ಯನವರು ಎರಡು ಭಾನುವಾರ ಕೊಡುವುದರ ಬಗ್ಗೆಯೇ ಪ್ರಸಂಗ ಮಾಡಿದರು. ಜನ ತಲೆಯಾಡಿಸಿ ಎದ್ದು ಹೋದರು.

ಕಮಿಟಿಯ ಹಿರಿಯ ಮರಿಯಪ್ಪನವರು ಜಗಲಿಯಲ್ಲಿ ಇದರ ಗುಟ್ಟು ಬಿಚ್ಚಿದರು. "ಕವರ್ ಮ್ಯಾಲೆ ಹೆಸ್ರು ಬರ್ದು ದುಡ್ಡು ಇಡಾದು ಅಂದ್ರೆ ಅದು ಮದ್ವೆ ಮುಯ್ಯಿ ಕಣ್ರಯ್ಯಾ. ಯಾರು ಎಷ್ಟಿಟ್ರು ಅಂತ ಊರಿಗೆಲ್ಲ ಗೊತ್ತಾಯ್ತದೆ. ಕಮ್ಮಿ ಇಟ್ರೆ ಮರ್ವಾದೆ ಓಯ್ತದೆ, ಜಾಸ್ತಿ ಇಟ್ರೆ ದೇವ್ರೇನು ನಮ್ಮನೆ ಮದ್ವೆಗೆ ವಾಪಸ್ ಮುಯ್ಯಿ ಮಾಡ್ತಾನಾ?"

ಎಲ್ಲರೂ ನಕ್ಕರು. ಅಯ್ಯನವರಿಗೆ ನಗು ಬರಲಿಲ್ಲ. ನಾನೇ, "ಅಯ್ನೋರೆ, ನೀವು ಸಾವಿರ ಯೋಳಿ, ಈ ಜನ ಕೇಳಾದು ಲೇಯಕ್ಕನ ಮಾತು ಒಂದೇಯ" ಅಂದೆ. ಅವರು ಆಗಲೇ ಲೇಯಮ್ಮನನ್ನು ಕರೆಸಿದರು.

"ಲೇಯಮ್ಮನವರೇ, ಒಂದು ಉಪಕಾರ ಆಗಬೇಕು. ಈ ಕವರಿನ ವಿಷಯ ಮನೆ ಮನೆಗೆ ಹೋಗಿ ನೀವೇ ತಿಳಿಸಿ ಹೇಳಬೇಕು."

"ಎಲ್ಲಾರ ಮನೆಗೂವಾ?"

"ಎಲ್ಲರ ಮನೆಗೂ. ಅಕ್ಕಿಯ ಕಾಲ ಮುಗಿಯಿತು ಅನ್ನಿ. ಇನ್ನು ಮುಂದೆ ಕವರು."

ಅಕ್ಕಿಯ ಕಾಲ ಮುಗಿಯಿತು ಅಂದರೆ ಈ ಹೆಂಗಸಿಗೆ ಎದೆ ಒಡೆಯುತ್ತದೆ ಅಂದುಕೊಂಡಿದ್ದೆ. ಅವಳ ಮುಖ ಅರಳಿತು. ಅದು ಯಾಕೆ ಅಂತ ಆ ಸಂಜೆ ನಮ್ಮ ಅಡುಗೆಮನೆಯಲ್ಲಿ ಗೊತ್ತಾಯಿತು. "ಅಕ್ಕಿ ಓದ್ರೆ ಓಗ್ಲಿ ಬುಡು ಸೌಮ್ಯ" ಅಂದಳು. "ಕವರ್ ಇಸ್ಕಳಾಕೆ ಯಾರಾರಾ ಮನೆ ಮನೆಗೆ ಓಗ್ಬೇಕಲ್ಲ. ಇದುಕ್ಕೆ ಶನಿವಾರಾನೂ ಬ್ಯಾಡ, ಸಂಜೆ ಒತ್ತು ಓದ್ರೆ ಎಲ್ಲಾರೂ ಸಿಕ್ತಾರೆ."

ಹಾಗಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹಾಗಲ್ಲ ಅಂತಲೂ ಯಾರೂ ಹೇಳಲಿಲ್ಲ.

ಮುಂದಿನ ತಿಂಗಳೆಲ್ಲ ಲೇಯಮ್ಮ ಓಡಾಡಿದ ಓಡಾಟ ಎಲೆಕ್ಷನ್ನಿಗೆ ನಿಂತವರೂ ಓಡಾಡಿರಲಾರರು. ಕಾರ್ಖಾನೆಯಿಂದ ಬಂದು ಮುಖ ತೊಳೆದು ಹೊರಟರೆ ದಿನಕ್ಕೆ ಎರಡು ಮೂರು ಮನೆ. ಮೊದಲು ಹೆಸರಿನ ಗಂಟು ಬಿಡಿಸಿದಳು. ಅಯ್ಯನವರ ಹತ್ತಿರ ತಾನೇ ಹೋಗಿ, "ಹಿಡಿ ಅಕ್ಕಿ ಮ್ಯಾಲೆ ಯಾರ ಹೆಸ್ರು ಇರ್ತಿತ್ತು? ಕವರ್ ಮ್ಯಾಲೂ ಬ್ಯಾಡ" ಅಂದು ಒಪ್ಪಿಸಿಕೊಂಡು ಬಂದಳು. ಆಮೇಲೆ ಜನರ ಕಡೆ ತಿರುಗಿದಳು. ನಮ್ಮ ಎದುರು ಮನೆಯ ಭಾನುಪ್ರಿಯ ಗಾರ್ಮೆಂಟ್ಸಿಗೆ ಹೋಗುವವಳು. ಅವಳ ಗಂಡ ಲೋಕೇಶನಿಗೆ ಬಿಡದಿಯಲ್ಲಿ ಕೆಲಸ. ಅವರ ಅಡುಗೆಮನೆಯಲ್ಲಿ ಕೂತು ಲೇಯಮ್ಮ ಹೇಳಿದ್ದು ಬೀದಿಗೆಲ್ಲ ಕೇಳಿಸಿತು.

"ಕೈ ತುಂಬ ಸಂಬ್ಳ ಬತ್ತದೆ ಅಂತೀರಿ, ಕೊಡಾಕೆ ಮಾತ್ರ ಕೈ ಯಾಕವ್ವ ಗಿಡ್ಡ ಆಯ್ತು? ನಿಮ್ಮತ್ತೆ ಅಕ್ಕಿ ತೊಳಿಯಾಕೆ ಮುಂಚೆ ಹಿಡಿ ಎತ್ತಿಡ್ತಿದ್ಲು, ಉಂಡು ಮಿಕ್ಕಿದ್ದಲ್ಲ. ನೀನೂ ಸಂಬ್ಳ ಬಂದ ದಿನ ಮೊದ್ಲು ಕವರ್ಗೆ ಹಾಕ್ಬುಡು. ಆಮ್ಯಾಕೆ ಚೀಟಿ ಕಟ್ಟು, ಆಮ್ಯಾಕೆ ಕೇಬಲ್ಲು."

"ಎಷ್ಟಾಕ್ಬೇಕಕ್ಕ?"

"ಹಿಡಿಗೆ ಅಳತೆ ಇತ್ತಾ? ನಿನ್ ಕೈ ಎಷ್ಟು ಹಿಡಿತದೋ ಅಷ್ಟು."

ಇದಕ್ಕಿಂತ ಒಳ್ಳೆಯ ಪ್ರಸಂಗವನ್ನು ನಾನು ಯಾವ ಪೀಠದಿಂದಲೂ ಕೇಳಿಲ್ಲ. ಕೊಡುವುದೆಂದರೆ ಉಳಿದದ್ದನ್ನು ಕೊಡುವುದಲ್ಲ, ಮೊದಲು ಎತ್ತಿಡುವುದು ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ, ಮರೆತಿತ್ತು ಅಷ್ಟೆ. ಮುಂದಿನ ತಿಂಗಳ ಮೊದಲ ಭಾನುವಾರ ಕಾಣಿಕೆ ಚೀಲ ಉಬ್ಬಿಕೊಂಡು ಬಂತು. ಹೆಸರು ಇಲ್ಲದ ಕವರು, ಇಸಿದುಕೊಳ್ಳುವುದಕ್ಕೆ ಯಾರಾದರೂ ಬರಲಿ ಅಂತ ಜನ ಯಾಕೆ ಕಾಯುತ್ತಾರೆ? ಭಾನುವಾರ ಬರುವಾಗ ಜೇಬಿನಲ್ಲಿಟ್ಟು ತಂದು ಚೀಲಕ್ಕೆ ಹಾಕಿದರು. ಲೇಯಮ್ಮ ಹೆಂಗಸರ ಸಾಲಿನಲ್ಲಿ ಕೂತು ಆ ಚೀಲ ಕೈಯಿಂದ ಕೈಗೆ ದಾಟಿ ಹೋಗುವುದನ್ನು ನೋಡುತ್ತಿದ್ದಳು. ಇದು ಮೊದಲ ಸಲ, ಜನಕ್ಕೆ ತಿಳಿಯಲಿಲ್ಲ ಅಂದುಕೊಂಡಳಂತೆ.

ಎರಡನೆಯ ತಿಂಗಳು ಇನ್ನೂ ಹೆಚ್ಚು ಬಂತು. ಸೂರಿನ ಕೆಲಸಕ್ಕೆ ಮೇಸ್ತ್ರಿಯನ್ನು ಕರೆಸಿದರು. ಅಯ್ಯನವರಿಗೆ ಖುಷಿಯೋ ಖುಷಿ. ಇದಕ್ಕೆಲ್ಲ ಕಾರಣಳಾದವಳಿಗೆ ಸನ್ಮಾನ ಮಾಡಬೇಕು ಅಂದರು, ಕಮಿಟಿಯವರೆಲ್ಲ ಹೌದು ಹೌದು ಅಂದೆವು. ನಮ್ಮ ಕಡೆ ಯಾರ ಮೇಲಾದರೂ ಪ್ರೀತಿ ಉಕ್ಕಿದರೆ ನಮಗೆ ಗೊತ್ತಿರುವುದು ಇದೊಂದೇ, ಶಾಲು ಹೊದಿಸುವುದು.

ಬೆಳೆ ಹಬ್ಬದ ಭಾನುವಾರ ಆರಾಧನೆಯಾದ ಮೇಲೆ ಲೇಯಮ್ಮನನ್ನು ಮುಂದಕ್ಕೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಚಿನ್ನಮ್ಮ ಹಾರ ಹಾಕಿದಳು. ಅಯ್ಯನವರು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೈಗಿಟ್ಟರು. ಆಮೇಲೆ ಮಾತಾಡಿದರು.

"ಇಷ್ಟು ವರ್ಷ ಈ ತಾಯಿ ಬಿಸಿಲು ಮಳೆ ಅನ್ನದೆ ಚೀಲ ಹೊತ್ತು ಮನೆ ಮನೆ ಅಲೆದಿದ್ದಾರೆ. ಅವರಿಗೂ ವಯಸ್ಸಾಯಿತು. ಇನ್ನು ಮೇಲೆ ಅವರಿಗೆ ಆ ಕಷ್ಟ ಬೇಡ. ಕುಡಿಕೆಗಳನ್ನು ನೀವು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಕವರುಗಳನ್ನು ನೀವೇ ತಂದು ಕಾಣಿಕೆ ಚೀಲಕ್ಕೆ ಹಾಕುತ್ತಿದ್ದೀರಿ, ಹಾಗೇ ನಡೆಯಲಿ. ಲೇಯಮ್ಮನವರು ಹಾಯಾಗಿ ವಿಶ್ರಾಂತಿ ತೆಗೆದುಕೊಳ್ಳಲಿ."

ಚಪ್ಪಾಳೆ ಬಿತ್ತು. ಲೇಯಮ್ಮ ಬುಟ್ಟಿಯನ್ನು ತೊಡೆಯ ಮೇಲೆ ಹಿಡಿದುಕೊಂಡು ಅಯ್ಯನವರ ಮುಖವನ್ನೇ ನೋಡುತ್ತಿದ್ದಳು. ಎರಡು ಮಾತಾಡಿ ಅಂತ ಅವರು ಕೇಳಿದರು. ಅವಳು ಎದ್ದು ನಿಂತಳು. ಶಾಲು ಒಂದು ಕಡೆ ಜಾರಿತು.

"ನಂಗೇನೂ ಕಷ್ಟ ಆಯ್ತಿರ್ನಿಲ್ಲ" ಅಂದಳು.

ಎಷ್ಟು ವಿನಯ ಅಂತ ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಅವಳು ಇನ್ನೊಮ್ಮೆ ಅದನ್ನೇ ಹೇಳಿದಳು. ಆ ಸದ್ದಿನಲ್ಲಿ ಅದು ಮುಂದಿನ ಸಾಲಿಗೂ ಕೇಳಿಸಲಿಲ್ಲ. ಪಕ್ಕದಲ್ಲಿ ಶಾಲು ಸರಿಮಾಡುತ್ತಿದ್ದ ಸೌಮ್ಯಳಿಗೆ ಮಾತ್ರ ಕೇಳಿಸಿತು. ಮನೆಗೆ ಬಂದು ಅವಳು ಅತ್ತಳು.

ಮೊದಲ ಶನಿವಾರ ಲೇಯಮ್ಮ ಹೊರಗೆ ಬರಲಿಲ್ಲ. ಎರಡನೆಯ ಶನಿವಾರ ಚೀಲವಿಲ್ಲದೆ ಬರಿಗೈಯಲ್ಲಿ ಹೊರಟಳು. ಭಾನುಪ್ರಿಯಳ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಎಂದಿನಂತೆ ಒಳಗೆ ಕಾಲಿಟ್ಟಳು. ಭಾನುಪ್ರಿಯ ನಡುಮನೆಯಲ್ಲೇ ಎದುರಾದಳು.

"ಓ ಲೇಯಕ್ಕ, ಬಾ ಬಾ. ಕೂತ್ಕೊ" ಅಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದಳು. "ಏನಾರಾ ಬೇಕಿತ್ತಾ?"

"ಏನಿಲ್ಲ ಕಣವ್ವ, ಸುಮ್ಕೆ ಬಂದೆ."

ಸುಮ್ಮನೆ ಬಂದವರಿಗೆ ಏನು ಮಾಡಬೇಕೋ ಅದನ್ನೆಲ್ಲ ಭಾನುಪ್ರಿಯ ಸರಿಯಾಗಿಯೇ ಮಾಡಿದಳು. ಟೀವಿಯ ಸದ್ದು ತಗ್ಗಿಸಿದಳು, ತಟ್ಟೆಯಲ್ಲಿ ಬಿಸ್ಕತ್ತು ತಂದಿಟ್ಟಳು, ಕಾಫಿ ಮಾಡಲು ಒಳಗೆ ಹೋದಳು. ಲೇಯಮ್ಮ ನಡುಮನೆಯ ಕುರ್ಚಿಯಲ್ಲಿ ಒಬ್ಬಳೇ ಕೂತಳು. ಒಳಗೆ ಒಗ್ಗರಣೆಯ ಚಟಪಟ ಕೇಳುತ್ತಿತ್ತು. ಇಷ್ಟು ವರ್ಷ ಆ ಒಲೆಯ ಪಕ್ಕ ಕಾಲು ಚಾಚಿ ಕೂತವಳು ಈಗ ನೆಂಟಳು, ಎದ್ದು ಒಳಗೆ ಹೋಗುವಂತಿಲ್ಲ. ಕಾಫಿ ಕುಡಿದಳು, ಬತ್ತೀನಿ ಕಣವ್ವ ಅಂದಳು, ಬಂದುಬಿಟ್ಟಳು.

ಉಳಿದ ಮನೆಗಳಲ್ಲೂ ಅದೇ. ಎಲ್ಲ ಕಡೆ ಕುರ್ಚಿ, ಎಲ್ಲ ಕಡೆ ಏನಾದರೂ ಬೇಕಿತ್ತಾ. ನಾನು ಮನೆಯಲ್ಲಿದ್ದ ಒಂದು ಶನಿವಾರ ನಮ್ಮಲ್ಲಿಗೂ ಬಂದಳು. ಸೌಮ್ಯ ಅವಳ ಕೈ ಹಿಡಿದು ಅಡುಗೆಮನೆಗೇ ಕರೆದುಕೊಂಡು ಹೋದಳು. ಕುಡಿಕೆ ಇದ್ದ ಜಾಗದಲ್ಲಿ ಮಿಕ್ಸಿ ಕೂತಿತ್ತು. ಲೇಯಮ್ಮ ನೆಲದ ಮೇಲೆ ಕೂತಳು, ಕೈಗಳನ್ನು ಎಲ್ಲಿಡುವುದು ಅಂತ ಗೊತ್ತಾಗದವಳ ಹಾಗೆ ಸೆರಗು ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಬೈಯುವುದಕ್ಕೆ ಏನೂ ಇರಲಿಲ್ಲ, ನಗುವುದಕ್ಕೂ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಹೋದಳು. ಆಮೇಲೆ ಬರುವುದು ಅಪರೂಪವಾಯಿತು.

ಮುನಾವರ್ ಸಾಬರು ಹೊಸ ಮಿಷನ್ನು ಹಾಕಿಸಿದ್ದರಿಂದ ಅವಳಿಗೆ ವಾರದಲ್ಲಿ ಎರಡು ಮೂರು ದಿನ ಮಾತ್ರ ಕೆಲಸ ಸಿಗುತ್ತಿತ್ತು. ಮಿಕ್ಕ ದಿನ ವಠಾರದ ಕಟ್ಟೆಯ ಮೇಲೆ ಕೂತಿರುತ್ತಿದ್ದಳಂತೆ. ಅಂಗಡಿಯಿಂದ ಅಕ್ಕಿ ತಂದು ಮಾಡಿಕೊಂಡರೆ ಅರ್ಧ ಉಂಡು ಅರ್ಧ ಬಿಡುತ್ತಾಳೆ ಅಂತ ಹಫೀಜಾಬಿ ಯಾರ ಹತ್ತಿರವೋ ಹೇಳಿದಳು. ಆ ಮಾತು ಬಾಯಿಂದ ಬಾಯಿಗೆ ದಾಟಿ ಕಮಿಟಿಗೆ ಬರುವಷ್ಟರಲ್ಲಿ ಲೇಯಮ್ಮನ ಮನೆಯಲ್ಲಿ ಅಕ್ಕಿಯೇ ಇಲ್ಲ ಅಂತ ಆಗಿತ್ತು. ಅದಕ್ಕೇ ಪಾಪ ಮನೆ ಮನೆಗೆ ಬಂದು ಕೂತು, ಬಾಯಿ ಬಿಟ್ಟು ಕೇಳಲಾರದೆ ಹೋಗುತ್ತಿದ್ದಳು ಅಂತ ಎಲ್ಲರಿಗೂ ಈಗ ಅರ್ಥವಾಗಿಬಿಟ್ಟಿತು. "ಎಂಥಾ ಮಾನಸ್ತೆ ನೋಡು" ಅಂದರು ಮರಿಯಪ್ಪನವರು, ಕಣ್ಣಲ್ಲಿ ನೀರು ತಂದುಕೊಂಡು.

ಅಯ್ಯನವರು ಭಾನುವಾರ ಹೆಸರು ಹೇಳದೆ 'ನಮ್ಮಲ್ಲಿ ಒಬ್ಬರು' ಅಂದರು, ಎಲ್ಲರಿಗೂ ತಿಳಿಯಿತು. ಅಂದಿನ ಕಾಣಿಕೆಗೆ ಜನ ಕೈ ಬಿಚ್ಚಿದ್ದನ್ನು ಕಣ್ಣಾರೆ ಕಂಡೆ. ಹೊಸ ಕಾಲ್ಗೆಜ್ಜೆಗೆ ಅಂತ ಕೂಡಿಟ್ಟಿದ್ದನ್ನು ಭಾನುಪ್ರಿಯ ಹಾಕಿದಳು. ಚಿನ್ನಮ್ಮ ಸೆರಗಿನ ಗಂಟನ್ನೇ ಬಿಚ್ಚಿ ಸುರಿದಳು. ಕೊಡುವುದನ್ನು ಈ ಜನಕ್ಕೆ ಲೇಯಮ್ಮ ಅಷ್ಟು ಚೆನ್ನಾಗಿ ಕಲಿಸಿದ್ದಳು.

ಶನಿವಾರ ಮಧ್ಯಾಹ್ನ ಮಂಡಿಯಿಂದ ದೊಡ್ಡ ಮೂಟೆ ಸೋನಾ ಮಸೂರಿಯನ್ನು ಆಟೋದಲ್ಲಿ ಹಾಕಿಸಿಕೊಂಡು ನಾನು ಹೊರಟೆ. ತಲುಪಿಸುವುದಕ್ಕೆ ಒಬ್ಬರು ಸಾಕು ಅಂತ ಕಮಿಟಿ ಹೇಳಿತ್ತು. ವಠಾರದ ಕೊನೆಯ ಕೋಣೆಯ ಬಾಗಿಲು ತಟ್ಟಿದೆ.

ಬಾಗಿಲು ತೆಗೆದವಳ ಮುಖ ನನ್ನನ್ನು ಕಂಡು ಹಬ್ಬದಂತಾಯಿತು. "ಅಯ್ಯೋ ದೇವರಾಜು! ಬಾ ಒಳಕ್ಕೆ. ಸೌಮ್ಯ ಬರ್ನಿಲ್ವಾ?" ಅನ್ನುತ್ತಾ ನನ್ನ ಬೆನ್ನ ಹಿಂದೆ ಬೀದಿಯ ಕಡೆ ನೋಡಿದಳು, ಇನ್ನೂ ಯಾರೋ ಬರುತ್ತಿದ್ದಾರೆ ಅನ್ನುವ ಹಾಗೆ. ಮೂಟೆ ಕಂಡಿದ್ದು ಆಮೇಲೆ.

"ಇದ್ಯಾಕಪ್ಪ?"

"ಸಭೆಯೋರು ಕೊಟ್ಟಿರಾದು ಕಣಕ್ಕ, ನಿಂಗೇಯ."

ಮೂಟೆಯನ್ನು ಗೋಡೆಗೆ ಒರಗಿಸಿ ನಾನು ಹೊರಡುವುದರಲ್ಲಿದ್ದೆ. "ಆಟೋ ಕಾಯ್ತಾ ಐತೆ" ಅಂದರೆ, "ಕಳಿಸ್ಬುಡು, ಉಂಡ್ಕಂಡು ನಡ್ಕಂಡೋಗು" ಅಂದಳು. ಆ ದನಿಗೆ ಇಲ್ಲ ಅನ್ನಲು ಆಗಲಿಲ್ಲ. ಆಟೋ ಕಳಿಸಿ ಬಂದು ಕೂತೆ. ಅವಳು ಮೂಟೆಯ ಬಾಯಿಯ ದಾರ ಕಿತ್ತು ಅಕ್ಕಿ ಅಳೆದು ಒಲೆಗಿಟ್ಟಳು. ಒಂದು ಚಾಪೆ, ಒಂದು ಟ್ರಂಕು, ಗಿಲೀಟು ಹೋದ ಚೌಕಟ್ಟಿನಲ್ಲಿ ಗಂಡನ ಫೋಟೋ. ಎಲ್ಲರ ಅಡುಗೆಮನೆಯ ಮೂಲೆ ಮೂಲೆಯನ್ನೂ ಬಲ್ಲ ಈ ಹೆಂಗಸಿನ ಕೋಣೆಯೊಳಗೆ ನಮ್ಮ ಸಭೆಯವರು ಯಾರೂ ಅದುವರೆಗೆ ಕಾಲಿಟ್ಟಿರಲಿಲ್ಲ. ಅವಳೇ ಬರುತ್ತಿದ್ದಳಲ್ಲ, ನಾವು ಹೋಗುವ ಪ್ರಮೇಯವೇ ಬಂದಿರಲಿಲ್ಲ.

ಟ್ರಂಕಿನ ಅಡಿಯಿಂದ ಹೊಸ ಸ್ಟೀಲ್ ತಟ್ಟೆ ತೆಗೆದು ತೊಳೆದು ನನ್ನ ಮುಂದಿಟ್ಟಳು. ಬಿಸಿ ಅನ್ನ, ಹುರುಳಿ ಸಾರು. ಅನ್ನ ಹೂವಿನಂತೆ ಅರಳಿತ್ತು, ಒಂದು ಕಾಳೂ ಹೆಚ್ಚು ಕಡಿಮೆ ಇಲ್ಲ. ಅವಳು ತಾನು ಬಡಿಸಿಕೊಳ್ಳದೆ ನನ್ನೆದುರು ಕೂತು ನಾನು ಉಣ್ಣುವುದನ್ನೇ ನೋಡುತ್ತಿದ್ದಳು.

"ಎಲ್ಲಾರೂ ಕೊಟ್ರಾ?" ಅಂತ ಕೇಳಿದಳು.

"ಎಲ್ಲಾರೂ ಕೊಟ್ರು ಕಣಕ್ಕ. ಒಂದು ಮನೆ ಬಿಟ್ಟಿಲ್ಲ. ನೀನು ಯೋಳ್ಕೊಟ್ಟಂಗೇಯ, ಮೊದ್ಲು ಎತ್ತಿಟ್ಟು ಕೊಟ್ಟವ್ರೆ."

"ಒಳ್ಳೇದಾಯ್ತು" ಅಂದಳು. ಮನಸಾರೆ ಅಂದಳು. ಆಮೇಲೆ ಮೂಟೆಯ ಕಡೆ ತಿರುಗಿ ಅದನ್ನು ಮೇಲಿಂದ ಕೆಳಗೆ ನೋಡಿದಳು. "ಎಷ್ಟು ದಿನ ಬತ್ತದೆ ಇದು?"

"ನಿನ್ನೊಬ್ಬಳಿಗೆ ಎರ್ಡು ತಿಂಗ್ಳಿಗೇನೂ ಮೋಸ ಇಲ್ಲ" ಅಂದೆ ಹೆಮ್ಮೆಯಿಂದ.

"ಅಂಗಾರೆ ಅಲ್ಲೀಗಂಟ ಯಾರೂ ಬರಾಕಿಲ್ಲ."

ಅವಳ ಮಾತಿನಲ್ಲಿ ದೂರು ಇರಲಿಲ್ಲ, ಲೆಕ್ಕ ಸರಿಯಾಯಿತಾ ಅಂತ ಕೇಳುವವರ ದನಿ ಅದು. ಅವಳು ಸೌಟು ತೆಗೆದುಕೊಂಡು, ಬೇಡ ಅಂದರೂ ಕೇಳದೆ ಇನ್ನಷ್ಟು ಅನ್ನ ಬಡಿಸಿದಳು.

"ಮುಂದ್ಲ ಸಲ ತರಾದಾದ್ರೆ ಚಿಕ್ಕ ಚೀಲ ತಕ್ಕಂಡು ಬಾ ಕಣಪ್ಪ" ಅಂದಳು.